ಡೇಟಾಬೇಸಿನ ಕಸ

ಜಗತ್ತಿನ ಮಂದಿಯೆಲ್ಲ ಕೂಡಿ ಕಟ್ಟಿ, ಪುಕ್ಕಟೆ ಹಂಚುವ ಒಂದು ಡೇಟಾಬೇಸಿನ ರಿಪೇರಿಗೆ ನಾನೂ ಕೈ ಹಾಕಿದ್ದೆ. ಅದರಲ್ಲಿ ಅಳಿಸಿದ ಹೆಸರು ಕೂಡಲೇ ಹೋಗುವುದಿಲ್ಲ; ಕಸ ಹೊಡೆಯುವ ಕಮಾಂಡ್ ಕೊಡುವ ತನಕ ಕಾಣದಂತೆ ಒಳಗೇ ಬಿದ್ದಿರುತ್ತದೆ. ಆ ಕಮಾಂಡಿಗೆ ನಾವು ಮಾಡಿದ ತಿದ್ದುಪಡಿ ಪರೀಕ್ಷಿಸಲು ಆ ಡೇಟಾಬೇಸನ್ನೇ ಬಳಸುವ, ವಾಡಿ ಊರಿನ ಒಂದು ದವಾಖಾನೆಗೆ ಹೋದೆ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಶರಣಪ್ಪ ನನ್ನ ಕೈ ಹಿಡಿದ.

“ಇವತ್ತ ಬ್ಯಾಡ್ರಿ ಸರ್. ಮೊನ್ನೆ ನಮ್ಮವ್ವ ಇಲ್ಲೇ ತೀರ್ಕೊಂಡ್ಳು. ಆಕಿ ಹೆಸರು ಮುಂಜಾನೆ ನಾನೇ ಅಳಿಸೀನಿ. ಹೋದವರ ಬೆನ್ನಿಗೇ ಕಸಾ ಹೊಡೀಬಾರದ್ರಿ.”

“ಅದು ಬರೇ ಮಷಿನ್ ಅದ, ಶರಣಪ್ಪ.”

“ಗೊತ್ತದರಿ,” ಅಂದ. ಕೈ ಬಿಡಲಿಲ್ಲ.

ಪರೀಕ್ಷೆ ಯಾಕಾಗಲಿಲ್ಲ ಎಂದು ಪರದೇಶದ ಜೊತೆಗಾರರು ಮೇಲ್‌ನಲ್ಲಿ ಕೇಳಿದರು. ಕರೆಂಟ್ ಇರಲಿಲ್ಲ ಎಂದು ಬರೆದೆ. ನಮ್ಮ ಕಡೆಯ ಈ ಮಾತನ್ನು ಪರದೇಶದವರೂ ಕಣ್ಣು ಮುಚ್ಚಿ ನಂಬುತ್ತಾರೆ.