ತಮ್ಮನ ಮುಂದಿಟ್ಟ ಎರಡು ತಾಟು

ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸು ದೇವರೇ ಎಂದು ನಾನು ಕೇಳಿಕೊಂಡೂ ಇಲ್ಲ.

ನನ್ನ ತಮ್ಮನಿಗೆ ಈಗ ಮೂವತ್ತೆರಡು. ಹುಟ್ಟಿದಾಗಿನಿಂದ ಮಾತಿಲ್ಲ. ತಿಳುವಳಿಕೆ ನಾಲ್ಕು ವರ್ಷದ ಕೂಸಿನಷ್ಟು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಸಂಶಿಗೂ ಗುಡಗೇರಿಗೂ ನಡುವೆ ಇರುವ ನಮ್ಮೂರಿನಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು, ಹೆಂಚಿನ ಮಾಡಿನ ಒಂದು ಸಣ್ಣ ಚರ್ಚು. ತಿಂಗಳ ಮೊದಲ ರವಿವಾರ ಅಲ್ಲಿ ಕರ್ತನ ಭೋಜನ. ಅದರಲ್ಲಿ ಮುರಿದು ಹಂಚುವ ರೊಟ್ಟಿ ನಮ್ಮ ಮನೆಯದು. ಅವ್ವ ಬೆಳಿಗ್ಗೆ ಮೈ ತೊಳೆದುಕೊಂಡು ಎರಡು ಚಪಾತಿ ಬೇಯಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ತಮ್ಮನ ಕೈಗೆ ಕೊಡುತ್ತಿದ್ದಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ದಾರಿಯಲ್ಲಿ ನಾಯಿ ಬಂದರೆ ಎದೆಗೆ ಅವುಚಿಕೊಂಡು, ಚರ್ಚಿನ ಮೇಜಿನ ಮೇಲೆ ಇಟ್ಟು ಹಿಂದಿನ ಬೆಂಚಿಗೆ ಹೋಗಿ ಕೂಡುತ್ತಿದ್ದ. ಪಾಸ್ಟರು ಮುರಿದು ಎಲ್ಲರಿಗೂ ಕೊಡುತ್ತಿದ್ದರು. ತಂದವನಿಗೆ ಮಾತ್ರ ಇಲ್ಲ.

ಯಾಕೆಂದರೆ ಅವನಿಗೆ ದೃಢೀಕರಣ ಆಗಿರಲಿಲ್ಲ. ಕೂಸಿದ್ದಾಗ ದೀಕ್ಷಾಸ್ನಾನವಾಗಿದೆ. ಆದರೆ ಆ ರೊಟ್ಟಿ ತಿನ್ನಬೇಕಾದರೆ ದೊಡ್ಡವನಾದ ಮೇಲೆ ಸಭೆಯ ಮುಂದೆ ನಿಂತು ನಂಬುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ಅವನೆಲ್ಲಿಂದ ಹೇಳಬೇಕು? ಇಷ್ಟು ವರ್ಷ ಅವ್ವ ಸುಮ್ಮನಿದ್ದಳು. ಹೋದ ವರ್ಷ ಎದೆನೋವು ಬಂದು ಧಾರವಾಡದ ದವಾಖಾನೆಯಲ್ಲಿ ಎಂಟು ದಿನ ಮಲಗಿ ಬಂದ ಮೇಲೆ ಅವಳದು ಒಂದೇ ಹಟ. ತಾನು ಕಣ್ಣು ಮುಚ್ಚುವುದರೊಳಗೆ ಅವನ ಬಾಯಲ್ಲಿ ಆ ತುತ್ತು ಬೀಳಬೇಕು.

ಅವನ ಅಕ್ಕ ನಾನು, ಚರ್ಚಿನ ಸಭೆಯ ಕಾರ್ಯದರ್ಶಿ. ಅರ್ಜಿ ಬರೆದು ಕಮಿಟಿಯ ಮುಂದಿಟ್ಟೆ. ಇಟ್ಟ ಗಳಿಗೆ ಚೆನ್ನಾಗಿರಲಿಲ್ಲ. ಹೊಸದಾಗಿ ಬಂದ ಪಾಸ್ಟರಿಗೂ ನಮ್ಮ ಸಭೆಯ ಹಿರಿಯರಿಗೂ ಆಗಲೇ ಜಗಳ ಹತ್ತಿಕೊಂಡಿತ್ತು. ಹಿರಿಯರು ನಮ್ಮಪ್ಪನ ಗೆಳೆಯರು, ರಿಟೈರಾದ ಮಾಸ್ತರರು, ನಾವು ಕಾಕಾ ಎಂದೇ ಕರೆಯುವವರು. ಯಾರಿಗೆ ರಕ್ಷಣೆ ಸಿಗಬೇಕು ಎಂಬುದನ್ನು ದೇವರು ಲೋಕ ಹುಟ್ಟುವ ಮೊದಲೇ ಆರಿಸಿಟ್ಟಿದ್ದಾನೆ, ಮನುಷ್ಯನ ಇಷ್ಟದ್ದೇನೂ ನಡೆಯುವುದಿಲ್ಲ ಎಂದು ಪಾಸ್ಟರು. ಹಾಗಾದರೆ ದೇವರು ನಮ್ಮನ್ನು ಗೊಂಬೆ ಮಾಡಿದನೇನು, ಅವನು ಎಲ್ಲರನ್ನೂ ಕರೆಯುತ್ತಾನೆ, ಬರುವುದು ಬಿಡುವುದು ನಮ್ಮ ಕೈಯಲ್ಲಿದೆ ಎಂದು ಕಾಕಾ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಬ್ಬರು ಕುಂಬಾರನಿಗೆ ಮಣ್ಣು ಎದುರು ಮಾತಾಡಬಾರದು ಎಂಬ ಬೈಬಲಿನ ವಾಕ್ಯ ತೆಗೆದರೆ, ಇನ್ನೊಬ್ಬರು ನಂಬಿದವರೆಲ್ಲರಿಗೂ ಬಾಗಿಲು ತೆರೆದಿದೆ ಎಂಬ ವಾಕ್ಯ ತೆಗೆಯುವರು. ಬರಬರುತ್ತಾ ಬೆಂಚುಗಳೂ ಎರಡು ಪಾರ್ಟಿಯಾದವು. ನಮ್ಮ ಬಾಜು ಮನೆಯ ಲಿಂಗವಂತರ ಅಜ್ಜಿ ಒಂದು ದಿನ ಏನಿದು ನಿಮ್ಮ ಗದ್ದಲ ಎಂದು ಕೇಳಿದಳು. ಹೇಳಿದೆ. ತಮ್ಮಲ್ಲಿ ಕೂಸು ಹುಟ್ಟಿದ ಕೂಡಲೇ ಲಿಂಗ ಕಟ್ಟುತ್ತಾರೆ, ಕೂಸನ್ನು ಕೇಳಿ ಕಟ್ಟುವುದಿಲ್ಲ, ಬಿಚ್ಚಿ ಅಂತ ಅದು ಅತ್ತದ್ದೂ ಇಲ್ಲ ಎಂದು ನಕ್ಕು ಅವರೆಕಾಯಿ ಸುಲಿಯುತ್ತಾ ಕೂತಳು.

ನನಗೆ ಒಳಗೊಳಗೇ ಆಸೆ ಇತ್ತು. ಈ ಇಬ್ಬರಲ್ಲಿ ಯಾರು ಗೆದ್ದರೂ ನನ್ನ ತಮ್ಮನಿಗೆ ರೊಟ್ಟಿ ಸಿಗಲೇಬೇಕಲ್ಲ. ದೇವರು ಕೇಳದೆಯೇ ಆರಿಸುವವನಾದರೆ ಇವನು ಬಾಯಿ ತೆರೆಯುವ ಅಗತ್ಯವೇನು ಎಂದು ಪಾಸ್ಟರನ್ನು ಕೇಳಿದೆ. ಆರಿಸಲ್ಪಟ್ಟವರಲ್ಲಿ ಒಂದು ಗುರುತು ಇರುತ್ತದೆ, ಇವನಲ್ಲಿ ತಮಗದು ಕಾಣುತ್ತಿಲ್ಲ ಎಂದರು. ದೇವರು ಯಾರನ್ನೂ ಹೊರಗೆ ಬಿಡದಿದ್ದರೆ ಇವನನ್ನು ನೀವ್ಯಾಕೆ ಬಿಡುತ್ತೀರಿ ಎಂದು ಕಾಕಾನನ್ನು ಕೇಳಿದೆ. ಬಾಗಿಲು ತೆರೆದೇ ಇದೆ, ಆದರೆ ತಿಳಿದು ಒಳಗೆ ಬರಬೇಕಾದವನು ಅವನೇ ಎಂದರು. ವರ್ಷವಿಡೀ ಯಾವುದಕ್ಕೂ ಒಪ್ಪದ ಇಬ್ಬರು ಇದೊಂದಕ್ಕೆ ಒಪ್ಪಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಬಡವಾಗಿದ್ದೂ ಕೂಸೇ, ತಪ್ಪು ಹೊತ್ತಿದ್ದೂ ಕೂಸೇ.

ಆಮೇಲೆ ಆ ಪರೀಕ್ಷೆ. ಯಾರ ತಲೆಯಲ್ಲಿ ಹುಟ್ಟಿತೋ, ಈಗ ಕೇಳಿದರೆ ಇಬ್ಬರೂ ನಾನಲ್ಲ ಅನ್ನುತ್ತಾರೆ. ಆವತ್ತು ಮಾತ್ರ ಇಬ್ಬರಿಗೂ ಅಗದಿ ಖುಷಿ. ಎರಡು ತಾಟಿನಲ್ಲಿ ಚಪಾತಿ ಇಡುವುದು, ಒಂದು ಪ್ರಾರ್ಥನೆ ಮಾಡಿದ್ದು, ಒಂದು ಬರೀ ಚಪಾತಿ. ದೇವರು ಎಳೆದರೆ ಅವನ ಕೈ ಸರಿಯಾದ ತಾಟಿಗೆ ಹೋಗುತ್ತದೆ ಎಂದು ಪಾಸ್ಟರು. ಚರ್ಚಿನಲ್ಲಿ ಇಷ್ಟು ವರ್ಷ ನೋಡಿದ್ದು ತಲೆಗೆ ಹತ್ತಿದ್ದರೆ ಅವನೇ ಆರಿಸಿ ತಗೊಳ್ಳುತ್ತಾನೆ ಎಂದು ಕಾಕಾ.

ಆರಾಧನೆ ಮುಗಿಸಿಕೊಂಡು ಇಬ್ಬರೂ ನಮ್ಮ ಮನೆಗೇ ಬಂದರು. ಅವ್ವ ತಮ್ಮನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ಪಡಸಾಲೆಯ ಚಾಪೆಯ ಮೇಲೆ ತಾಟುಗಳು ಪಕ್ಕಪಕ್ಕ. ಯಾವುದು ಯಾವುದೆಂದು ಅವನ ಕಣ್ಣೆದುರಿಗೇ ಪ್ರಾರ್ಥನೆ ಮಾಡಿ ತೋರಿಸಿದರು. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ತುಟಿಗಳು ಅಲ್ಲಾಡುತ್ತಿದ್ದವು.

ತಮ್ಮ ತಾಟು ನೋಡಿದ. ಬಂದವರ ಮುಖ ನೋಡಿದ. ಬಗ್ಗಿ ಎರಡೂ ತಾಟು ಒಟ್ಟಿಗೇ ಎತ್ತಿಕೊಂಡು ಒಂದನ್ನು ಪಾಸ್ಟರ ಕೈಗೆ ಕೊಟ್ಟ, ಇನ್ನೊಂದನ್ನು ಕಾಕಾನ ಕೈಗೆ. ಆಮೇಲೆ ಗೋಡೆಗೆ ಒರಗಿ ನಿಂತು, ತಿನ್ನಿ ಎನ್ನುವ ಹಾಗೆ ಅವರನ್ನೇ ನೋಡತೊಡಗಿದ.

ನಮ್ಮ ಮನೆಯಲ್ಲಿ ಅವನು ಯಾವಾಗಲೂ ಹಾಗೆಯೇ. ಮನೆಗೆ ಬಂದವರ ಕೈಗೆ ಏನಾದರೂ ಕೊಡದೆ ತಾನು ತುತ್ತು ಮುಟ್ಟುವವನಲ್ಲ. ಇದು ಕಾಕಾನಿಗೆ ಗೊತ್ತಿಲ್ಲದ್ದಲ್ಲ, ಎಷ್ಟೋ ವರ್ಷ ಅವನ ಕೈಯಿಂದಲೇ ಅವಲಕ್ಕಿ ಚಹಾ ತಗೊಂಡವರು. ಆವತ್ತೂ ರೂಢಿಯ ಮೇಲೆ ಚಪಾತಿಗೆ ಕೈ ಹಾಕಿ ಮುರಿದೇಬಿಟ್ಟಿದ್ದರು, ಆಮೇಲೆ ಪರೀಕ್ಷೆ ನೆನಪಾಗಿ ತುಂಡನ್ನು ತಾಟಿಗೆ ಹಾಕಿದರು.

ಅವ್ವ ಬಾಗಿಲಿಂದಲೇ ಕೇಳಿದಳು. 'ಮನಿಗಿ ಬಂದವರಿಗಿ ಮೊದಲ ಕೊಡಬೇಕಂತ ನಾನ ಕಲಿಸೇನ್ರಿ. ತಪ್ಪಾತೇನ್ರಿ?'

ಇಬ್ಬರೂ ನನ್ನ ಕಡೆ ತಿರುಗಿದರು. ಗುರುತು ಕಾಣಲಿಲ್ಲ ಎಂದು ಪಾಸ್ಟರು ನನಗೆ ಹೇಳಿದರು, ಆರಿಸಲಿಲ್ಲ ಎಂದು ಕಾಕಾ ನನಗೆ ಹೇಳಿದರು, ಬರೆದುಕೋ ಅಂದರು. ನಾನು ಠರಾವು ಪುಸ್ತಕ ತೆಗೆದು ಬರೆದುಕೊಂಡೆ. ತಿಳುವಳಿಕೆ ಕಂಡುಬರಲಿಲ್ಲವಾದ್ದರಿಂದ ಅರ್ಜಿಯನ್ನು ಸದ್ಯಕ್ಕೆ ಮಂಜೂರು ಮಾಡಿಲ್ಲ. ಕೆಳಗೆ ಸಹಿ ಹಾಕಿದೆ. ಅಕ್ಷರ ಮುತ್ತಿನಂತಿವೆ, ಶಾಲೆಯಲ್ಲಿ ಮಕ್ಕಳಿಗೆ ಕಾಪಿ ತಿದ್ದಿಸುವ ಕೈ. ಬರೆಯುವುದಿಲ್ಲ ಅನ್ನಲು ನನಗೆ ಬಾಯಿತ್ತು. ದೇವರು ನನಗೆ ಮಾತು ಕೊಟ್ಟಿದ್ದಾನೆ, ತಮ್ಮನಿಗೆ ಕೊಡದೇ ಇದ್ದದ್ದನ್ನು. ಮುಂದಿನ ತಿಂಗಳು ತಮ್ಮ ಹೊತ್ತು ತಂದ ರೊಟ್ಟಿಯ ತುಂಡನ್ನು ಎಲ್ಲರ ಸಾಲಿನಲ್ಲಿ ನಿಂತು ತಿಂದೂ ಬಂದೆ. ಅವರಿಬ್ಬರ ಮೇಲಿನ ಸಿಟ್ಟು ಬಿಡಿ, ಇಳಿಯದೇ ಇರುವುದು ನನ್ನ ಮೇಲಿನ ಈ ಸಿಟ್ಟು.

ಆಮೇಲೆ ಒಂದು ದಿನ ಅವ್ವ ಇನ್ನು ಚರ್ಚಿಗೆ ರೊಟ್ಟಿ ಕಳಿಸುವುದಿಲ್ಲ ಅಂದಳು. ಅವರು ಕುಂದಗೋಳದ ಬೇಕರಿಯಿಂದ ಬ್ರೆಡ್ಡು ತರಿಸಿಕೊಂಡರು. ಅದಕ್ಕೆ ಎರಡೂ ಪಾರ್ಟಿಯ ತಕರಾರಿರಲಿಲ್ಲ. ಈ ತಿಂಗಳ ಮೊದಲ ರವಿವಾರ ಅವ್ವ ಮೈ ತೊಳೆದುಕೊಂಡು ಒಂದೇ ಚಪಾತಿ ಬೇಯಿಸಿ, ಪಡಸಾಲೆಯಲ್ಲಿ ತಮ್ಮನ ಮುಂದಿಟ್ಟು, ಕಣ್ಣು ಮುಚ್ಚಿ ತನಗೆ ಬಂದಷ್ಟು ಪ್ರಾರ್ಥನೆ ಹೇಳಿದಳು. ತಮ್ಮ ಚಪಾತಿಯನ್ನು ಮೂರು ತುಂಡು ಮಾಡಿದ. ಒಂದನ್ನು ಅವ್ವನ ಕೈಯಲ್ಲಿಟ್ಟ. ಒಂದನ್ನು ತಾಟಿನಲ್ಲೇ ಬಿಟ್ಟು ಇನ್ನೊಂದನ್ನು ನನ್ನತ್ತ ಚಾಚಿದ.

ಠರಾವು ಬರೆದ ಕೈ ನನ್ನದು, ಮುಂದೆ ಹೋಗಲಿಲ್ಲ. ಅವನು ಚಾಚಿಕೊಂಡೇ ಇದ್ದ.

'ತಗೋ ಬೇ,' ಅಂದಳು ಅವ್ವ. 'ನೀ ತಗೊಳ್ಳೂತನಕ ಅಂವ ತಿನ್ನೂದಿಲ್ಲ.'