ಬದನೆಕಾಯಿ ಬಣ್ಣದ ಸೀರೆಗಳು

ನಮ್ಮ ಕಡೆ ಲೋಕಸಭೆಯ ಉಪಚುನಾವಣೆ ನಡೆದಾಗಲೇ ನನ್ನ ಮಗಳ ಮದುವೆಯೂ ಬಂತು. ಚುನಾವಣೆ ಎಂಬುದು ಹೆಸರಿಗೆ ಮಾತ್ರ. ಯಾರು ಗೆಲ್ಲುತ್ತಾರೆಂಬುದು ನಾಮಪತ್ರ ಸಲ್ಲಿಸುವ ಮೊದಲೇ ಆಳಂದದ ಚಹಾದಂಗಡಿಗಳಿಗೆಲ್ಲ ಗೊತ್ತಿತ್ತು. ನಮ್ಮ ಓಣಿಗೆ ಓಟು ಕೇಳಲು ಒಬ್ಬರೂ ಬರಲಿಲ್ಲ. ಗೆಲ್ಲುವವರಿಗೆ ಬರುವ ಗರಜಿಲ್ಲ, ಸೋಲುವವರಿಗೆ ಉಮೇದಿಲ್ಲ. ಅದರ ಪಾಡಿಗೆ ಅದು ಎಂದುಕೊಂಡು ನಾವು ಜವಳಿ ತರಲು ಸೊಲ್ಲಾಪುರಕ್ಕೆ ಹೋದೆವು.

ಗಂಡಿನ ಮನೆ ಜೇವರ್ಗಿ ಕಡೆಯದು. ತುಂಬಿದ ಮನೆ, ಹೆಂಗಸರೇ ಹೆಚ್ಚು. ಅವರಿಗೆಲ್ಲ ಮದುವೆಯಲ್ಲಿ ಉಡುಗೊರೆಯಾಗಿ ಆಯಾರದ ಸೀರೆ ಕೊಡುವುದು ನಮ್ಮ ಪಾಲಿನ ಕೆಲಸ. ಬೀಗತಿ ಮೊದಲೇ ಹೇಳಿಬಿಟ್ಟಿದ್ದರು: "ಒಬ್ಬಾಕಿಗೊಂದು ನಮೂನಿ ತರಬ್ಯಾಡ್ರಿ. ಅಕಿದ್ ಛಲೋ, ನಂದ್ ಹಗರ ಅಂತ ಜಗಳ ತೆಗಿತಾರ. ಎಲ್ಲಾರಿಗೂ ಒಂದ ತರದ್ದು ತರ್ರಿ." ನನಗೂ ಸರಿ ಎನಿಸಿತು. ಬದನೆಕಾಯಿ ಬಣ್ಣ, ಹಳದಿ ಅಂಚು. ಅಂಗಡಿಯವನ ತಲೆ ತಿಂದು ಅದೇ ಸೀರೆಗಳಿಂದ ಎರಡು ಗಂಟು ಕಟ್ಟಿಸಿದೆ. ಮಗಳೂ ಅವರ ಜೊತೆ ಬೆರೆಯಲಿ ಎಂದು ಅವಳಿಗೂ ಅದರಲ್ಲೇ ಒಂದು ತೆಗೆದೆ.

ಬರುವಾಗ ಖಜೂರಿಯ ಗಡಿ ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿ ಗಂಟು ಬಿಚ್ಚಿಸಿದರು. ಚುನಾವಣೆ ಕೆಲಸಕ್ಕೆ ಬಂದಿದ್ದ ಅಧಿಕಾರಿ ಸೀರೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು.

"ಎಲ್ಲಾ ಒಂದ ಬಣ್ಣ, ಒಂದ ಅಂಚು. ಯಾರಿಗೆ ಹಂಚಾಕ ಒಯ್ಯಾಕತ್ತೀರಿ?"

"ಬೀಗರಿಗೆ ರೀ. ಮಗಳ ಮದಿವಿ ಅದ," ಎಂದರು ನಮ್ಮ ಯಜಮಾನರು. ಬಿಲ್ಲು ತೋರಿಸಿದರು, ಫೋನಿನಲ್ಲಿ ಲಗ್ನಪತ್ರಿಕೆ ತೋರಿಸಿದರು.

"ಹಂಚಾವ್ರೆಲ್ಲಾ ಹಿಂಗ ಹೇಳ್ತಾರ್ರಿ. ಕಲಬುರಗಿಗೆ ಹೋಗಿ ಅರ್ಜಿ ಕೊಡ್ರಿ, ನೋಡಿ ಬಿಡ್ತಾರ."

ನನಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಈ ಸೀಟಿಗೆ ಸೀರಿ ಯಾಕ ಹಂಚ್ತಾರ್ರಿ? ಒಂದ್ ಕಪ್ ಚಾ ಸೈತ ಯಾರೂ ಕುಡಿಸಿಲ್ಲ ನಮಗ!"

ಪಕ್ಕದ ಪೊಲೀಸಿನವನು ನಕ್ಕ. ಅಧಿಕಾರಿ ನಗಲಿಲ್ಲ. ಗಂಟುಗಳು ಒಳಗೆ ಹೋದವು.

ಸಂಜೆಯೊಳಗೆ ವಿಡಿಯೊ ಎಲ್ಲರ ಫೋನಿಗೂ ಬಂತು: ಮತದಾರರಿಗೆ ಹಂಚಲು ತಂದಿದ್ದ ಸೀರೆಗಳು ವಶ. ಮರುದಿನ ಪಕ್ಕದ ಮನೆಯಾಕೆ ಬಂದು, "ಸೀರಿ ಬಿಟ್ಟ ಮ್ಯಾಲ ನಮಗೂ ಒಂದ ಇಡ್ರಿ ವೈನಿ," ಎಂದಳು. ನಾನು ಬಾಗಿಲು ಹಾಕಿಕೊಂಡೆ. ಆ ವಿಡಿಯೊ ಜೇವರ್ಗಿಗೂ ಹೋಗಿರುತ್ತದೆ.

ಯಜಮಾನರು ಕಲಬುರಗಿಗೆ ಎಡತಾಕಿದ್ದೇ ಬಂತು. ಬೇರೆ ಸೀರೆ ತರೋಣವೆಂದರೆ, "ನಾಳಿ ಬಿಡ್ತಾರ, ತಡಿ," ಎನ್ನುತ್ತಿದ್ದರು. ಬಿಡಲಿಲ್ಲ. ಮದುವೆಯಲ್ಲಿ ಬೀಗರ ಹೆಂಗಸರಿಗೆ ಬರೀ ಕುಬಸದ ಬಟ್ಟೆ, ತೆಂಗಿನಕಾಯಿ ಕೊಟ್ಟು ಉಡಿ ತುಂಬಿದೆ. ಬೀಗತಿ ಮದುಮಗಳ ಕಡೆ ಒಂದು ಸಲ ನೋಡಿದರು. ಆ ನೋಟವನ್ನು ಅವಳು ದಿನವೂ ಉಣ್ಣಬೇಕಲ್ಲ ಎಂದುಕೊಂಡೆ.

ಮತದಾನದ ದಿನ ನಾನು ಮನೆಯಿಂದ ಕದಲಲಿಲ್ಲ. ನಿರೀಕ್ಷಿಸಿದವರೇ ಗೆದ್ದರು. ಆಮೇಲೆ ಗಂಟು ಬಿಟ್ಟರು. ಕೂಡಲೇ ಒಯ್ದು ಕೊಟ್ಟೆವು. "ಅಯ್ಯ, ಇಷ್ಟ್ಯಾಕ ತ್ರಾಸ ತಗೊಂಡ್ರಿ," ಎಂದು ಬೀಗತಿ ನಗುತ್ತಲೇ ಇಸಿದುಕೊಂಡರು. ಆ ನಗುವನ್ನು ನಾನು ನಂಬಿದೆ.

ಹತ್ತಿ ಬಿಡಿಸುವ ಕಾಲಕ್ಕೆ ಮಗಳನ್ನು ನೋಡಲು ಒಬ್ಬಳೇ ಹೋದೆ. ಅವರ ಊರಿನ ಹತ್ತಿರ ಬಸ್ಸಿನ ಕಿಟಕಿಯಿಂದ ಬದನೆಕಾಯಿ ಬಣ್ಣ ಕಂಡಿತು. ಬೀಗರ ಹೊಲದ ತುಂಬ ಅದೇ. ಅಂತೂ ಉಟ್ಟಾರಲ್ಲ ಎಂದು ಎದೆ ಹಗುರಾಯಿತು. ಬಸ್ಸು ಇನ್ನಷ್ಟು ಹತ್ತಿರವಾದಾಗ ನೋಡಿದೆ. ಬೀಗರ ಮನೆಯವರು ಒಬ್ಬರೂ ಇರಲಿಲ್ಲ. ಹತ್ತಿ ಬಿಡಿಸಲು ಬಂದ ಕೂಲಿಯವರಿಗೆ ಸೀರೆಗಳನ್ನು ಕೊಟ್ಟುಬಿಟ್ಟಿದ್ದರು. ಆ ಹೆಂಗಸರಿಗೆ ಅವು ಚೆಂದ ಒಪ್ಪಿದ್ದವು, ಸುಳ್ಳೇಕೆ ಹೇಳಲಿ.

ಬಾಗಿಲಿಗೆ ಬಂದ ಮಗಳೂ ಅದನ್ನೇ ಉಟ್ಟಿದ್ದಳು. ತೊಳೆದು ತೊಳೆದು ಅಂಚಿನ ಹಳದಿ ಮಾಸಿತ್ತು. ಒಳಗೆ ನೆಗೆಣ್ಣಿಯರು ಬೇರೆ ಬೇರೆ ಸೀರೆ ಉಟ್ಟು ಕೂತಿದ್ದರು.

"ಇದನ್ಯಾಕ ಉಟ್ಟೀದಿಬೇ?" ಎಂದು ಪಿಸುಗುಟ್ಟಿದೆ.

"ಇವ್ರೆಲ್ಲಾ ಇದಕ್ಕ ಇಲೆಕ್ಷನ್ ಸೀರಿ ಅಂತಾರ ಅವ್ವಾ," ಎಂದಳು, ನನ್ನ ಕೈಚೀಲ ಇಸಿದುಕೊಳ್ಳುತ್ತ. "ನಾನೂ ಉಡದಿದ್ರ, ಹೌದು ಅಂದಂಗ ಆಗ್ತದ."