ಅಪ್ಪ ತಟ್ಟಿ ನೋಡಿದ ಕಾರು

ಒಂದು ಭಾನುವಾರ ಭಾವ ಪುಟ್ಟ ಬ್ಯಾಟರಿ ಕಾರಿನಲ್ಲಿ ಅಕ್ಕನನ್ನೂ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಹೆಗ್ಗನಹಳ್ಳಿಯಿಂದ ಬಸವೇಶ್ವರನಗರದ ನಮ್ಮ ಮನೆಗೆ ಬಂದರು. ಅಪ್ಪ ಮಾಡಿದ ಮೊದಲ ಕೆಲಸ, ಅದರ ಬಾಗಿಲನ್ನು ಬೆರಳ ಗಿಣ್ಣಿನಿಂದ ತಟ್ಟಿದ್ದು. ಮಡಕೆ ಕೊಳ್ಳುವಾಗಲೂ ಅವರು ಹಾಗೆಯೇ ತಟ್ಟಿ, ಕಿವಿಗೊಟ್ಟು ಕೇಳುವವರು. ಕಾರಿನಿಂದ ಪ್ಲಾಸ್ಟಿಕ್ ಬಕೆಟ್ಟಿನ ಸದ್ದು ಬಂತು.

“ಏನ್ರೀ ಅಳಿಯಂದ್ರೇ, ಸೋಪಿನ ಡಬ್ಬಕ್ಕೆ ಚಕ್ರ ಹಾಕ್ಸಿದೀರಾ? ಮಾಗಡಿ ರೋಡಲ್ಲಿ ಲಾರಿ ಒಂಚೂರು ಸವರಿದ್ರೆ ಮಕ್ಕಳ ಗತಿ ಏನು?”

“ಮಾವ, ಇಷ್ಟು ದಿನ ಓಡಿಸ್ತಿದ್ದ ಸ್ಕೂಟರಿಗೆ ಈ ಡಬ್ಬಾನೂ ಇಲ್ವಲ್ಲ?” ಎಂದರು ಭಾವ.

“ಸ್ಕೂಟರ್ ಸಂದೀಲಿ ನುಸುಳ್ಕೊಂಡು ಹೋಗುತ್ತೆ ಕಣ್ರೀ. ಇದು ಮಧ್ಯದಲ್ಲೇ ಸಿಕ್ಕಾಕ್ಕೊಳ್ಳುತ್ತೆ.”

ಅಕ್ಕ ನನ್ನತ್ತ ತಿರುಗಿ, “ನೀನಾದ್ರೂ ಹೇಳೋ” ಅಂದಳು. ಏನು ಹೇಳಲಿ? ಕಾರು ಗಟ್ಟಿ ಎನ್ನಲು ಧೈರ್ಯವಿರಲಿಲ್ಲ, ಸ್ಕೂಟರೇ ವಾಸಿ ಎನ್ನಲು ಮನಸ್ಸಿರಲಿಲ್ಲ.

ಆಮೇಲೆ ಬಂದ ನೆಂಟರೆಲ್ಲ ಅಪ್ಪನಂತೆಯೇ ತಟ್ಟಿ ನೋಡಿ ನಕ್ಕರು. ಕೊನೆಗೆ ಭಾವ ಕಾರು ಮಾರಿಬಿಟ್ಟರು.

ಮುಂದಿನ ಸಲ ಬಂದದ್ದು ಹಳೆಯ ಸ್ಕೂಟರಿನಲ್ಲಿ. ಸಂಜೆ ಹೊರಡುವಾಗ ದೊಡ್ಡವಳು ಮುಂದೆ ಹ್ಯಾಂಡಲ್ ಹಿಡಿದು ನಿಂತಳು. ಅಕ್ಕ ಚಿಕ್ಕವನನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತಳು. ಅಪ್ಪ ಮೊಮ್ಮಗಳ ಕೆನ್ನೆ ಸವರಿ, “ಗಟ್ಟಿಯಾಗಿ ಹಿಡ್ಕೋ ಪುಟ್ಟಿ” ಎಂದು ಹೇಳಿ, ನೆಮ್ಮದಿಯಿಂದ ಗೇಟಿನ ಚಿಲಕ ಹಾಕಿದರು. ಆ ನಾಲ್ಕು ತಲೆಗಳು ತಿರುವಿನಲ್ಲಿ ಮರೆಯಾಗುವವರೆಗೂ ನಾನು ನೋಡುತ್ತ ನಿಂತೆ. ಆಮೇಲೆ ಒಳಗೆ ಹೋಗಿ, ಅಕ್ಕ ಮನೆ ತಲುಪಿ ಫೋನ್ ಮಾಡುವವರೆಗೂ ಫೋನಿನ ಪಕ್ಕದಲ್ಲೇ ಕೂತಿದ್ದೆ.